ಮ್ಯೂನಿಕ್ ನಗರ ವಿಂಡೋಸ್ ಬಿಟ್ಟದ್ದು, ಮತ್ತೆ ಹಿಡಿದದ್ದು

ಈ ಶತಮಾನದ ಆರಂಭದಲ್ಲಿ, ಜರ್ಮನಿಯ ಬವೇರಿಯಾ ರಾಜ್ಯದ ರಾಜಧಾನಿಯಾದ ಮ್ಯೂನಿಕ್‌ನ ನಗರಾಡಳಿತದಲ್ಲಿ ಸುಮಾರು 14,000 ಕಂಪ್ಯೂಟರುಗಳಿದ್ದವು. ಅವುಗಳಲ್ಲಿ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಎನ್‌ಟಿ 4 ಎಂಬ ಆಪರೇಟಿಂಗ್ ಸಿಸ್ಟಮ್ ಇತ್ತು. ಪತ್ರ, ಲೆಕ್ಕಪತ್ರಗಳೆಲ್ಲ ಅದೇ ಕಂಪನಿಯ ಆಫೀಸ್ 97ರಲ್ಲಿ ತಯಾರಾಗುತ್ತಿದ್ದವು. 1996ರಲ್ಲಿ ಬಂದ ಎನ್‌ಟಿ 4 ಕೆಟ್ಟು ಕೂತಿರಲಿಲ್ಲ. ನೌಕರರಿಗೆ ಅದು ಅಭ್ಯಾಸವಾಗಿತ್ತು, ಯಂತ್ರಗಳೂ ಹೊಂದಿಕೊಂಡಿದ್ದವು. ಆದರೆ ಅದಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸುವುದಾಗಿ ಕಂಪನಿ ಸಾರಿತು. ಬೆಂಬಲ ನಿಂತರೆ ಭದ್ರತೆಯ ಲೋಪ ಪತ್ತೆಯಾದರೂ ಅದನ್ನು ಸರಿಪಡಿಸುವ ತೇಪೆ ಬರುವುದಿಲ್ಲ, ಹೊಸದಾಗಿ ಕೊಂಡ ಪ್ರಿಂಟರಿಗೆ ಡ್ರೈವರ್ ಸಿಗುವುದಿಲ್ಲ. ನಾಗರಿಕರ ದಾಖಲೆಗಳನ್ನು ಇಟ್ಟುಕೊಂಡ ಕಚೇರಿ ಅಂಥ ಯಂತ್ರಗಳನ್ನು ಹೆಚ್ಚು ದಿನ ನಡೆಸಲಾರದು.

ಹಾಗಾಗಿ ನಗರಕ್ಕೆ ಇದ್ದಲ್ಲೇ ಇರುವ ದಾರಿಯೇ ಇರಲಿಲ್ಲ. ಆಪರೇಟಿಂಗ್ ಸಿಸ್ಟಮ್ ಬದಲಾವಣೆಯ ಚರ್ಚೆಗಳಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಸಂಗತಿ ಇದು. ಎನ್‌ಟಿಯಿಂದ ವಿಂಡೋಸ್ ಎಕ್ಸ್‌ಪಿಗೆ ಹೋಗುವುದೂ ಒಂದು ಸ್ಥಳಾಂತರವೇ; ಅದಕ್ಕೂ ಹೊಸ ಪರವಾನಗಿ, ಹೊಸ ತರಬೇತಿ, ಹಳೆಯ ತಂತ್ರಾಂಶಗಳ ಮರುಪರೀಕ್ಷೆ ಬೇಕು. ಹೇಗೂ ಮನೆ ಬದಲಿಸಲೇಬೇಕಾದರೆ ಅದೇ ಮಾಲೀಕನ ಇನ್ನೊಂದು ಮನೆಗೇ ಏಕೆ ಹೋಗಬೇಕು ಎಂಬ ಪ್ರಶ್ನೆ ಮ್ಯೂನಿಕ್‌ನಲ್ಲಿ ಎದ್ದದ್ದು ಆಗ.

ಬೇರೆ ಮನೆಯೊಂದು ಕೈಗೆಟಕುವಂತೆ ಸಿದ್ಧವಾಗುತ್ತಿತ್ತು, ಅದೂ ಬಹುಮಟ್ಟಿಗೆ ಜರ್ಮನಿಯಲ್ಲೇ. ಮುಕ್ತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನ ಹಂಚಿಕೆಗಳಲ್ಲಿ ದೊಡ್ಡ ಹೆಸರಾದ ಸೂಸೆ ಬವೇರಿಯಾದ ನ್ಯೂರೆಂಬರ್ಗ್‌ನ ಕಂಪನಿ. ಲಿನಕ್ಸ್‌ಗೆ ಕಿಟಕಿ, ಮೆನು, ಐಕಾನುಗಳ ಮುಖ ಕೊಟ್ಟ ಕೆಡಿಇ ಯೋಜನೆಯನ್ನು 1996ರಲ್ಲಿ ಆರಂಭಿಸಿದ ಮಥಿಯಾಸ್ ಎಟ್ರಿಚ್ ಆಗ ಟ್ಯೂಬಿಂಗನ್‌ನಲ್ಲಿ ವಿದ್ಯಾರ್ಥಿ. ಸ್ಟಾರ್‌ಡಿವಿಷನ್ ಎಂಬ ಜರ್ಮನ್ ಕಂಪನಿಯ ಸ್ಟಾರ್‌ಆಫೀಸ್ ಅನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡು, ಮರುವರ್ಷ ಅದರ ಮೂಲ ಸಂಕೇತವನ್ನು ಓಪನ್‌ಆಫೀಸ್ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತ್ತು. ಅಮೆರಿಕದ ಒಂದೇ ಕಂಪನಿಯ ಮೇಲಿನ ಅವಲಂಬನೆ ತಗ್ಗಿಸಬೇಕೆಂಬ ರಾಜಕೀಯ ಮಾತಿಗೆ ಇವೆಲ್ಲ ಬಲ ತುಂಬಿದವು.

ನಗರ ಪಾಲಿಕೆ ಯೂನಿಲಾಗ್ ಎಂಬ ಸಲಹಾ ಸಂಸ್ಥೆಗೆ ಅಧ್ಯಯನದ ಹೊಣೆ ಕೊಟ್ಟಿತು. ಅದು ಹಲವು ದಾರಿಗಳನ್ನು ತೂಗಿ ನೋಡಿತು: ಎಕ್ಸ್‌ಪಿಯ ಮೇಲೆ ಮೈಕ್ರೋಸಾಫ್ಟ್ ಆಫೀಸ್, ಎಕ್ಸ್‌ಪಿಯ ಮೇಲೆ ಓಪನ್‌ಆಫೀಸ್, ಪೂರ್ತಿ ಲಿನಕ್ಸ್ ಇತ್ಯಾದಿ. ಬಂದ ಫಲಿತಾಂಶ ಎರಡೂ ಪಕ್ಷದವರಿಗೆ ಇರಿಸುಮುರಿಸು ತರುವಂತಿತ್ತು. ಬರೀ ಹಣದ ಲೆಕ್ಕದಲ್ಲಿ ವಿಂಡೋಸ್ ಕೊಂಚ ಅಗ್ಗ. ದೀರ್ಘಕಾಲದ ಹಿತ, ಮಾರಾಟಗಾರನ ಮೇಲಿನ ಅವಲಂಬನೆ, ಮುಕ್ತ ಮಾನಕಗಳಂಥ ಅಂಶಗಳಿಗೂ ಅಂಕ ಕೊಟ್ಟು ನೋಡಿದರೆ ಲಿನಕ್ಸ್ ಮುಂದು. ಲಿನಕ್ಸ್ ಪುಕ್ಕಟೆ ಎಂಬ ಕಾರಣಕ್ಕೆ ಮ್ಯೂನಿಕ್ ಅದರತ್ತ ವಾಲಿತು ಎಂದು ಆಮೇಲೆ ಬಹಳ ಜನ ಬರೆದರು. ಅಧ್ಯಯನ ಹೇಳಿದ್ದು ಅದಕ್ಕೆ ವಿರುದ್ಧ. ತಂತ್ರಾಂಶ ಪುಕ್ಕಟೆಯಾದರೂ ಸಾವಿರಾರು ನೌಕರರಿಗೆ ಪಾಠ ಹೇಳುವುದು, ಹಳೆಯ ಕಡತಗಳನ್ನು ಪರಿವರ್ತಿಸುವುದು, ಇಲಾಖೆಗೊಂದರಂತೆ ಇರುವ ವಿಶೇಷ ತಂತ್ರಾಂಶಗಳನ್ನು ಹೊಸದಾಗಿ ಬರೆಸುವುದು ಪುಕ್ಕಟೆಯಲ್ಲ.

ಮೈಕ್ರೋಸಾಫ್ಟ್ ಇದನ್ನು ಒಂದು ಊರಿನ ಕೊಳ್ಳುವಿಕೆ ಎಂದಷ್ಟೇ ನೋಡಲಿಲ್ಲ. 2003ರ ಮಾರ್ಚ್‌ನಲ್ಲಿ ಕಂಪನಿಯ ಮುಖ್ಯಸ್ಥ ಸ್ಟೀವ್ ಬಾಲ್ಮರ್, ಸ್ವಿಟ್ಜರ್ಲೆಂಡಿನಲ್ಲಿ ಹಿಮಜಾರಾಟದ ರಜೆಯಲ್ಲಿದ್ದವರು ಅದನ್ನು ನಡುವೆ ಬಿಟ್ಟು ಮ್ಯೂನಿಕ್‌ಗೆ ಬಂದು ಮೇಯರ್ ಕ್ರಿಸ್ಟಿಯಾನ್ ಊಡೆಯವರನ್ನು ಕಂಡರು. ಕಂಪನಿ ಮೊದಲು ಹೇಳಿದ ಸುಮಾರು 3.66 ಕೋಟಿ ಡಾಲರ್ ಬೆಲೆ ಸುಮಾರು 2.37 ಕೋಟಿಗೆ ಇಳಿಯಿತೆಂದು ಆಗಿನ ಪತ್ರಿಕೆಗಳು ಬರೆದವು. ಈ ಇಳಿಕೆಯಿಂದ ಕೆಲಸ ಕೆಟ್ಟಿತೆಂದೇ ಹೇಳಬೇಕು. ಇಷ್ಟು ಕಡಿಮೆಗೆ ಕೊಡಬಲ್ಲವರು ಮುಂದೆ ಎಷ್ಟು ಹೆಚ್ಚಿಗೆ ಕೇಳಬಲ್ಲರು ಎಂಬ ಅನುಮಾನಕ್ಕೆ ಅದು ಎಡೆಮಾಡಿಕೊಟ್ಟಿತು. 2003ರ ಮೇ 28ರಂದು ಪಾಲಿಕೆ ಬಹುಮತದಿಂದ ಲಿನಕ್ಸ್‌ನತ್ತ ಹೊರಳುವ ತೀರ್ಮಾನ ಮಾಡಿತು. ಹೆಚ್ಚು ದುಡ್ಡು ಕೇಳಿದ ಪ್ರಸ್ತಾವವೇ ಗೆದ್ದಿತ್ತು.

ಗೆದ್ದ ಮೇಲೂ ಕೆಲಸ ಕೂಡಲೇ ಆರಂಭವಾಗಲಿಲ್ಲ. ವಿವರವಾದ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2004ರ ಜೂನ್‌ನಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ಯೂರೋಪ್ ಒಕ್ಕೂಟದ ತಂತ್ರಾಂಶ ಪೇಟೆಂಟ್ ಮಸೂದೆಯ ಭಯದಿಂದ ಕೆಲಕಾಲ ಎಲ್ಲವೂ ನಿಂತಿತು. ಅಪಾಯವಿದೆಯೆಂದು ಎಚ್ಚರಿಸಿದವರು ಲಿನಕ್ಸ್‌ನ ವಿರೋಧಿಗಳಲ್ಲ, ಅದನ್ನು ಬೆಂಬಲಿಸುತ್ತಿದ್ದ ಗ್ರೀನ್ ಪಕ್ಷದವರು. 2005ರಲ್ಲಿ ಸೂಸೆಯ ಬದಲು ಡೆಬಿಯನ್ ಎಂಬ ಇನ್ನೊಂದು ಹಂಚಿಕೆ ಆಯ್ಕೆಯಾಯಿತು, ಮುಂದೆ ಅದರ ಜಾಗಕ್ಕೆ ಉಬುಂಟು ಬಂತು. ಲಿಮಕ್ಸ್ ಎಂದು ಹೆಸರು ಪಡೆದ ಈ ವ್ಯವಸ್ಥೆ ಮೊದಲ ನೂರು ಮೇಜುಗಳ ಮೇಲೆ ಬಂದದ್ದು 2006ರಲ್ಲಿ. 2008ರ ಕೊನೆಗೂ ಒಟ್ಟು 14,000ರಲ್ಲಿ ಒಂದೂಕಾಲು ಸಾವಿರದಷ್ಟು ಯಂತ್ರಗಳೂ ಬದಲಾಗಿರಲಿಲ್ಲ.

ಈ ನಿಧಾನಕ್ಕೆ ಲಿನಕ್ಸ್ ಕಾರಣವಾಗಿರಲಿಲ್ಲ. ಮ್ಯೂನಿಕ್ ಆಡಳಿತದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರತ್ಯೇಕ ಐಟಿ ವಿಭಾಗಗಳಿದ್ದವು. ಒಂದೊಂದು ಇಲಾಖೆ ತನಗೆ ತೋಚಿದಂತೆ ಯಂತ್ರ ಕೊಂಡಿತ್ತು, ತನಗೆ ಬೇಕಾದಂತೆ ವಿಂಡೋಸ್ ಅನ್ನು ಜೋಡಿಸಿಕೊಂಡಿತ್ತು, ಯಾವ ತಂತ್ರಾಂಶ ಎಲ್ಲಿ ಓಡುತ್ತಿದೆ ಎಂಬ ಪಟ್ಟಿ ಯಾರಲ್ಲೂ ಪೂರ್ತಿಯಾಗಿರಲಿಲ್ಲ. ವ್ಯವಸ್ಥೆ ಬದಲಿಸಲು ಹೊರಟವರು ಮೊದಲು ಈ ಗೋಜಲನ್ನು ಬಿಡಿಸಬೇಕಾಯಿತು. ಎಕ್ಸ್‌ಪಿಗೆ ಹೋಗಿದ್ದರೂ ಇದನ್ನೆಲ್ಲ ಒಂದಲ್ಲ ಒಂದು ದಿನ ಮಾಡಲೇಬೇಕಿತ್ತು. ಆದರೆ ವಿಳಂಬದ ಅಪವಾದ ಮಾತ್ರ ಲಿಮಕ್ಸ್‌ನ ತಲೆಗೇ ಕಟ್ಟಲಾಯಿತು.

ಇದಕ್ಕಿಂತ ದೊಡ್ಡ ತೊಡಕು ಕಂಡದ್ದು ಸಾಮಾನ್ಯರ ಕಣ್ಣಿಗೆ ಬೀಳದ ಜಾಗದಲ್ಲಿ. ಯಾವ ಕಚೇರಿಯಲ್ಲೂ ಪತ್ರವನ್ನು ಖಾಲಿ ಹಾಳೆಯಿಂದ ಬರೆಯುವುದಿಲ್ಲ. ನೋಟಿಸಿಗೊಂದು, ಅನುಮತಿ ಪತ್ರಕ್ಕೊಂದು, ತಿರಸ್ಕಾರದ ಪತ್ರಕ್ಕೊಂದು ಸಿದ್ಧ ನಮೂನೆ ಇರುತ್ತದೆ. ವಿಳಾಸ, ಕಡತ ಸಂಖ್ಯೆ, ಸಹಿ ಮಾಡುವವರ ಹುದ್ದೆ ತಾವಾಗಿ ತುಂಬಿಕೊಳ್ಳುವಂತೆ ಯಾರೋ ಒಬ್ಬ ಆಸಕ್ತ ಗುಮಾಸ್ತ ಎಂದೋ ಮ್ಯಾಕ್ರೋ ಬರೆದಿಟ್ಟಿರುತ್ತಾನೆ. ಮ್ಯೂನಿಕ್‌ನಲ್ಲಿ ಇಂಥ ಸಾವಿರಾರು ನಮೂನೆಗಳು, ನೂರಾರು ಮ್ಯಾಕ್ರೋಗಳು ವರ್ಡ್ ಮತ್ತು ಎಕ್ಸೆಲ್‌ಗೆ ಅಂಟಿಕೊಂಡಿದ್ದವು. ಓಪನ್‌ಆಫೀಸ್ ವರ್ಡ್‌ನ ಕಡತವನ್ನು ತೆರೆಯುತ್ತಿತ್ತು, ಅದರೊಳಗಿನ ಮ್ಯಾಕ್ರೋ ಮಾತ್ರ ಓಡುತ್ತಿರಲಿಲ್ಲ. ನಗರದ ತಂತ್ರಜ್ಞರು ಇದಕ್ಕಾಗಿ ವೋಲ್‌ಮಕ್ಸ್ ಎಂಬ ತಂತ್ರಾಂಶವನ್ನೇ ಬರೆದರು. ನಮೂನೆಗಳನ್ನೆಲ್ಲ ಒಂದೆಡೆ ಸೇರಿಸಿ, ಬೇಡದ್ದನ್ನು ಕಿತ್ತುಹಾಕಿ, ಉಳಿದದ್ದನ್ನು ಓಪನ್‌ಆಫೀಸ್‌ನಲ್ಲಿ ಬಳಸಲು ಅದು ನೆರವಾಯಿತು. 2008ರಲ್ಲಿ ನಗರ ಅದನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಲಿಮಕ್ಸ್ ಯೋಜನೆಯಲ್ಲಿ ಹೆಚ್ಚು ಬುದ್ಧಿ ವ್ಯಯವಾದದ್ದು ಆಪರೇಟಿಂಗ್ ಸಿಸ್ಟಮ್‌ಗಲ್ಲ, ಈ ನಮೂನೆಗಳಿಗೆ ಎಂದರೆ ತಪ್ಪಾಗದು.

ಮ್ಯೂನಿಕ್‌ನಲ್ಲಿ ಮ್ಯಾಕ್ರೋ ಕಚೇರಿಗಳನ್ನು ವಿಂಡೋಸ್‌ಗೆ ಕಟ್ಟಿಹಾಕಿದಂತೆ ಕರ್ನಾಟಕದಲ್ಲಿ ಅಕ್ಷರವಿನ್ಯಾಸ ಕಟ್ಟಿಹಾಕಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ, ಸರ್ಕಾರ ಉಚಿತವಾಗಿ ಹಂಚಿದ ನುಡಿ ತಂತ್ರಾಂಶ ಓಡುತ್ತಿದ್ದುದು ವಿಂಡೋಸ್‌ನಲ್ಲಿ. 1998ರಲ್ಲಿ ಶೇಷಾದ್ರಿವಾಸು ಹೊರತಂದ ಬರಹ ತಂತ್ರಾಂಶವೂ ಹಾಗೆಯೇ. ಇವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು, ಒತ್ತುಗಳು, ಗುಣಿತ ಚಿಹ್ನೆಗಳು ಇಂಗ್ಲಿಷ್ ಸಂಕೇತಗಳ ಸ್ಥಾನದಲ್ಲಿ ಕೂತಿದ್ದವು. ಕಂಪ್ಯೂಟರಿನ ಮಟ್ಟಿಗೆ ಆ ಕಡತದಲ್ಲಿದ್ದದ್ದು ಕನ್ನಡವೇ ಅಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಯೂನಿಕೋಡ್ ಫಾಂಟಿನ ಜೊತೆಗೇ ಬಂತು. ಆದರೂ ಡಿಟಿಪಿ ಅಂಗಡಿಗಳು ಹಳೆಯ ದಾರಿ ಬಿಡಲಿಲ್ಲ, ಏಕೆಂದರೆ ಅವರ ಅನ್ನ ಇದ್ದದ್ದು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ. ಅಡೋಬಿ ಕಂಪನಿ 2001ರಲ್ಲಿ ಅದರ ಏಳನೆಯ ಆವೃತ್ತಿ ತಂದು ಅಲ್ಲಿಗೇ ನಿಲ್ಲಿಸಿತು. ಅದಕ್ಕೆ ಯೂನಿಕೋಡ್ ಕನ್ನಡ ಕೊನೆವರೆಗೂ ಗೊತ್ತಾಗಲಿಲ್ಲ. ಲಗ್ನಪತ್ರಿಕೆಯಿಂದ ಪಠ್ಯಪುಸ್ತಕದವರೆಗೆ ವರ್ಷಗಟ್ಟಲೆ ಕೂಡಿಟ್ಟ ಪುಟಗಳೆಲ್ಲ ಆ ರೂಪದಲ್ಲೇ ಇದ್ದುದರಿಂದ, ಎಕ್ಸ್‌ಪಿ ತುಂಬಿದ ಹಳೆಯ ಯಂತ್ರವೊಂದನ್ನು ಮೂಲೆಯಲ್ಲಿ ಕಾಪಾಡಿಕೊಂಡು ಬರುವುದು ಮುದ್ರಣ ವೃತ್ತಿಯಲ್ಲಿ ಮಾಮೂಲಿಯಾಯಿತು. ರಾಜ್ಯ ಸರ್ಕಾರ 2012ರಲ್ಲಿ ಯೂನಿಕೋಡ್ ಅನ್ನು ಒಪ್ಪಿ ಆದೇಶ ಹೊರಡಿಸಿದ ಮೇಲೆ ದಾರಿ ಸಲೀಸಾಯಿತಾದರೂ ಹಳೆಯ ಕಡತಗಳನ್ನು ಪರಿವರ್ತಿಸಿ, ಒತ್ತಕ್ಷರಗಳ ತಪ್ಪು ತಿದ್ದುವ ಕೆಲಸ ಉಳಿದೇ ಉಳಿಯಿತು. ಕನ್ನಡದ ಕಚೇರಿಯೊಂದು ಲಿನಕ್ಸ್‌ಗೆ ಹೋಗಬೇಕೆ ಎಂಬ ಪ್ರಶ್ನೆಯನ್ನು ಬಹುಕಾಲ ನಿರ್ಧರಿಸಿದ್ದು ಲಿನಕ್ಸ್‌ನ ಗುಣಾವಗುಣವಲ್ಲ, ಕಪಾಟಿನಲ್ಲಿದ್ದ ಕಡತಗಳ ಸಂಕೇತ.

ಇದೇ ಕಾಲದಲ್ಲಿ ಬೇರೆ ಕಡೆಗಳಲ್ಲೂ ಪ್ರಯೋಗಗಳು ನಡೆದವು. ಆಸ್ಟ್ರಿಯಾದ ವಿಯೆನ್ನಾ ನಗರ 2005ರಲ್ಲಿ ವಿಯೆನಕ್ಸ್ ಎಂಬ ತನ್ನದೇ ಲಿನಕ್ಸ್ ತಂದಿತು. ಅಲ್ಲಿ ಅದಕ್ಕೆ ಮುಳುವಾದದ್ದು ಶಿಶುವಿಹಾರದ ಮಕ್ಕಳಿಗೆ ಭಾಷೆ ಕಲಿಸುವ ಒಂದು ತಂತ್ರಾಂಶ. ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಓಡುತ್ತಿತ್ತಾದ್ದರಿಂದ ನೂರಾರು ಯಂತ್ರಗಳನ್ನು ವಿಂಡೋಸ್‌ಗೆ ಹಿಂದಿರುಗಿಸಬೇಕಾಯಿತು. ಜರ್ಮನಿಯ ವಿದೇಶಾಂಗ ಇಲಾಖೆ ಕೂಡ ಲಿನಕ್ಸ್‌ಗೆ ಹೋಗಿ, ಬಳಕೆದಾರರ ದೂರು ಮತ್ತು ಪ್ರಿಂಟರ್, ಸ್ಕ್ಯಾನರ್‌ಗಳ ಡ್ರೈವರ್ ತೊಂದರೆಯ ಕಾರಣ ಹೇಳಿ 2011ರಲ್ಲಿ ಹಿಂದೆ ಸರಿಯುವುದಾಗಿ ಪ್ರಕಟಿಸಿತು.

ಫ್ರಾನ್ಸಿನ ಸೇನಾ ಸ್ವರೂಪದ ಪೊಲೀಸ್ ಪಡೆಯಾದ ಜಾಂಡಾರ್ಮರಿಯದು ಬೇರೆಯೇ ಕಥೆ. ಅದು ಆಪರೇಟಿಂಗ್ ಸಿಸ್ಟಮ್‌ಗೆ ಮೊದಲು ಕೈಹಾಕಲಿಲ್ಲ. ವಿಂಡೋಸ್ ಹಾಗೆಯೇ ಇರಲಿ ಎಂದು ಬಿಟ್ಟು 2005ರ ಹೊತ್ತಿಗೆ ಓಪನ್‌ಆಫೀಸ್, ಅದರ ಬೆನ್ನಿಗೆ ಫೈರ್‌ಫಾಕ್ಸ್ ಬ್ರೌಸರ್ ಮತ್ತು ಥಂಡರ್‌ಬರ್ಡ್ ಮೇಲ್ ತಂತ್ರಾಂಶ ತಂದಿತು. ಸಿಬ್ಬಂದಿಗೆ ಇವು ಅಭ್ಯಾಸವಾದ ಮೇಲೆ, ವಿಂಡೋಸ್ ವಿಸ್ಟಾ ಬಂದು ಎಲ್ಲರೂ ಹೇಗೂ ಹೊಸ ಪರದೆ ಕಲಿಯಬೇಕಾದ ಸಮಯ ನೋಡಿ, 2008ರಲ್ಲಿ ಉಬುಂಟುವಿಗೆ ಹೋಗುವುದಾಗಿ ಹೇಳಿತು. ದಿನವೂ ಬಳಸುವ ತಂತ್ರಾಂಶಗಳೆಲ್ಲ ಅವೇ ಇದ್ದದ್ದರಿಂದ ಕೆಳಗಿನ ನೆಲ ಬದಲಾದದ್ದು ನೌಕರರಿಗೆ ದೊಡ್ಡದಾಗಿ ಕಾಣಲಿಲ್ಲ. ಮ್ಯೂನಿಕ್‌ನಲ್ಲೂ ಓಪನ್‌ಆಫೀಸ್ ಅನ್ನು ಮೊದಲು ವಿಂಡೋಸ್ ಮೇಲೆ ಬಳಸಿ ನೋಡುವ ಹಂತ ಇತ್ತು. ಆದರೆ ಜಾಂಡಾರ್ಮರಿಗೆ ಮೇಲಿನಿಂದ ಬಂದ ಆದೇಶ ಕೆಳಗಿನ ಕೊನೆಯ ಠಾಣೆಯವರೆಗೂ ನಡೆಯುವ ಅನುಕೂಲವಿತ್ತು. ಚುನಾಯಿತ ಪಾಲಿಕೆಗೆ, ಅದರ ಸ್ವತಂತ್ರ ಮನೋಭಾವದ ಇಲಾಖೆಗಳಿಗೆ ಅದು ಹೇಳಿದ ಮಾತಲ್ಲ.

ಕರ್ನಾಟಕದ ಪಕ್ಕದ ಕೇರಳದ ಶಾಲೆಗಳದು ಮೂರನೆಯ ಬಗೆ. ಅಲ್ಲಿನ ಐಟಿ ಅಟ್ ಸ್ಕೂಲ್ ಯೋಜನೆ, ಮುಂದೆ ಕೈಟ್ ಎಂದು ಹೆಸರಾದದ್ದು, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರ್ ಪಾಠವನ್ನು ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. ಮಕ್ಕಳಿಗೆ ಮರೆಯಬೇಕಾದ ಹಳೆಯ ಅಭ್ಯಾಸ ಇರಲಿಲ್ಲ, ಪರಿವರ್ತಿಸಬೇಕಾದ ಕಡತಗಳೂ ಇರಲಿಲ್ಲ; ಪಠ್ಯಪುಸ್ತಕವೇ ಲಿನಕ್ಸ್‌ಗೆ ತಕ್ಕಂತೆ ಬರೆದದ್ದು. ಕಚೇರಿಗಿಂತ ಶಾಲೆಯಲ್ಲಿ ಬದಲಾವಣೆ ಸುಲಭವಾದದ್ದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಮ್ಯೂನಿಕ್‌ನಲ್ಲಿ 2010ರ ನಂತರ ವೇಗ ಹೆಚ್ಚಿತು. 2011ರ ಕೊನೆಗೆ ಒಂಬತ್ತು ಸಾವಿರ, ಮರುವರ್ಷ ಹನ್ನೆರಡು ಸಾವಿರಕ್ಕೂ ಮೇಲೆ ಯಂತ್ರಗಳು ಲಿಮಕ್ಸ್‌ಗೆ ಬಂದವು. 2012ರ ನವೆಂಬರಿನಲ್ಲಿ ನಗರಾಡಳಿತ, ವಿಂಡೋಸ್‌ನ ದಾರಿಗೆ ಹೋಲಿಸಿದರೆ ಒಂದು ಕೋಟಿ ಯೂರೋಗೂ ಹೆಚ್ಚು ಉಳಿತಾಯವಾಗಿದೆ ಎಂದು ಲೆಕ್ಕ ಒಪ್ಪಿಸಿತು. ಮೈಕ್ರೋಸಾಫ್ಟ್ ಎಚ್‌ಪಿ ಕಂಪನಿಯಿಂದ ಮಾಡಿಸಿದ ಇನ್ನೊಂದು ಲೆಕ್ಕ ಇದಕ್ಕೆ ತದ್ವಿರುದ್ಧ: ಲಿನಕ್ಸ್‌ಗೇ ಹಲವು ಪಟ್ಟು ಖರ್ಚು ಎಂದಿತು. ಆ ವರದಿಯನ್ನು ಪೂರ್ತಿಯಾಗಿ ಪ್ರಕಟಿಸಲಿಲ್ಲವಾದ್ದರಿಂದ ಅದರ ಬಗ್ಗೆ ಹೆಚ್ಚು ಹೇಳುವಂತಿಲ್ಲ. ನಗರದ ಲೆಕ್ಕದಲ್ಲೂ ಸಿಬ್ಬಂದಿಯ ಸಮಯಕ್ಕೆ ಎಷ್ಟು ಬೆಲೆ ಕಟ್ಟಬೇಕು, ನಡೆಯದೇ ಹೋದ ವಿಂಡೋಸ್ ಸ್ಥಳಾಂತರದ ಖರ್ಚನ್ನು ಹೇಗೆ ಊಹಿಸಬೇಕು ಎಂಬ ಪ್ರಶ್ನೆಗಳಿದ್ದವು. ಇಂಥ ಲೆಕ್ಕಗಳಲ್ಲಿ ಉತ್ತರ ಬಹುಮಟ್ಟಿಗೆ ಏನನ್ನು ಸೇರಿಸುತ್ತೇವೆ ಎಂಬುದರಲ್ಲೇ ಇರುತ್ತದೆ.

2013ರ ಡಿಸೆಂಬರಿನಲ್ಲಿ ಯೋಜನೆ ಯಶಸ್ವಿಯಾಗಿ ಮುಗಿಯಿತೆಂದು ಸಾರಿದಾಗ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮೇಜುಗಳಲ್ಲಿ ಲಿಮಕ್ಸ್ ಇತ್ತು. 2014ರ ಏಪ್ರಿಲ್ 8ರಂದು ಎಕ್ಸ್‌ಪಿಯ ಬೆಂಬಲವೂ ಕೊನೆಗೊಳ್ಳುವುದಿತ್ತು. ಹಳೆಯ ಯಂತ್ರಗಳಿರುವ ನಾಗರಿಕರಿಗೆ ನೆರವಾಗಲೆಂದು ನಗರವು ಗ್ರಂಥಾಲಯದ ಮೂಲಕ ಲುಬುಂಟು ಎಂಬ ಹಗುರ ಲಿನಕ್ಸ್‌ನ ಸಿಡಿಗಳನ್ನು ಹಂಚಲು ಹೊರಟಿತು. ಇಡೀ ಯೋಜನೆ ಅತಿ ಹೆಚ್ಚು ಆತ್ಮವಿಶ್ವಾಸದಲ್ಲಿದ್ದ ಗಳಿಗೆ ಅದು.

ಕೆಲವೇ ತಿಂಗಳಲ್ಲಿ ಗಾಳಿ ತಿರುಗಿತು. 1993ರಿಂದ ಮೇಯರ್ ಆಗಿದ್ದ ಊಡೆ 2014ರಲ್ಲಿ ನಿವೃತ್ತರಾದರು. ಅವರದೇ ಪಕ್ಷವಾದ ಎಸ್‌ಪಿಡಿಯ ಡೀಟರ್ ರೈಟರ್ ಬಂದರು. ತಾವು ಮೈಕ್ರೋಸಾಫ್ಟ್ ಅಭಿಮಾನಿ ಎಂದು ಅವರು ಹೇಳಿಕೊಂಡದ್ದು ವರದಿಯಾಗಿತ್ತು. ಕಚೇರಿಯ ಮೊಬೈಲ್ ಫೋನಿಗೆ ಇಮೇಲ್ ಬರಲು ತಿಂಗಳು ಹಿಡಿಯಿತು, ಮೇಲ್ ಮತ್ತು ಕ್ಯಾಲೆಂಡರ್ ಒಂದೆಡೆ ಸಿಗುವುದಿಲ್ಲ ಎಂಬಂಥ ದೂರುಗಳು ಮೇಯರ್ ಮತ್ತು ಉಪಮೇಯರ್ ಕಡೆಯಿಂದಲೇ ಬಂದವು. ಮೇಲ್ ಸರ್ವರಿನ ಈ ಕೊರತೆಗೂ ಮೇಜಿನ ಮೇಲಿನ ಲಿನಕ್ಸ್‌ಗೂ ಸಂಬಂಧ ಬಹಳ ಕಡಿಮೆ. ಆದರೆ ಕಂಪ್ಯೂಟರಿನಲ್ಲಿ ಏನು ಕೆಟ್ಟರೂ ದೂರು ಹೋಗುವುದು ಪರದೆಯ ಮೇಲೆ ಕಾಣುವ ಹೆಸರಿಗೆ. ವಿಂಡೋಸ್‌ನಲ್ಲಿ ಪ್ರಿಂಟರ್ ಕೈಕೊಟ್ಟರೆ ಅದು ಪ್ರಿಂಟರಿನ ತಪ್ಪು, ಲಿನಕ್ಸ್‌ನಲ್ಲಿ ಕೈಕೊಟ್ಟರೆ ಲಿನಕ್ಸ್‌ನ ತಪ್ಪು.

2016ರಲ್ಲಿ ಮೈಕ್ರೋಸಾಫ್ಟ್ ತನ್ನ ಜರ್ಮನ್ ಕೇಂದ್ರ ಕಚೇರಿಯನ್ನು ಹೊರವಲಯದ ಉಂಟರ್‌ಶ್ಲೈಸ್‌ಹೈಮ್‌ನಿಂದ ಮ್ಯೂನಿಕ್ ನಗರದೊಳಗಿನ ಶ್ವಾಬಿಂಗ್‌ಗೆ ಸ್ಥಳಾಂತರಿಸಿತು. ಇದಕ್ಕೂ ಮುಂದಿನ ತೀರ್ಮಾನಕ್ಕೂ ಗಂಟು ಹಾಕಿ ಮಾತಾಡಿದವರು ಬಹಳ; ನಗರಾಡಳಿತ ಅದನ್ನು ಅಲ್ಲಗಳೆಯಿತು. ಅದೇ ವರ್ಷ ನಗರದ ಐಟಿ ವ್ಯವಸ್ಥೆಯನ್ನು ಪರಿಶೀಲಿಸಿದ ಆಕ್ಸೆಂಚರ್ ಸಂಸ್ಥೆಯ ವರದಿ, ತೊಂದರೆಗಳ ಬಹುಪಾಲು ಮೂಲ ತಂತ್ರಾಂಶದಲ್ಲಲ್ಲ, ಆಡಳಿತದ ಹಂಚಿಹೋದ ರಚನೆಯಲ್ಲಿದೆ ಎಂದಿತು. ಹಳೆಯ ರೋಗವೇ ಮತ್ತೆ ಪತ್ತೆಯಾಗಿತ್ತು. ಆದರೂ 2017ರ ಫೆಬ್ರುವರಿಯಲ್ಲಿ ಪಾಲಿಕೆ ವಾಪಸಾತಿಯ ಯೋಜನೆ ತಯಾರಿಸಲು ಹೇಳಿತು, ನವೆಂಬರ್ 23ರಂದು ವಿಂಡೋಸ್ 10ಕ್ಕೆ ಹಿಂತಿರುಗುವ ತೀರ್ಮಾನಕ್ಕೆ ಮುದ್ರೆ ಒತ್ತಿತು. ಅಷ್ಟರಲ್ಲಿ ಯಂತ್ರಗಳ ಸಂಖ್ಯೆ 29,000ದಷ್ಟಾಗಿತ್ತು, ವಾಪಸಾತಿಗೆ ಅಂದಾಜಿಸಿದ ವೆಚ್ಚ ಸುಮಾರು ಐದು ಕೋಟಿ ಯೂರೋ. ಹೋಗುವಾಗ ಹಣದ ಲೆಕ್ಕವನ್ನು ಬದಿಗಿಟ್ಟಂತೆ ಬರುವಾಗಲೂ ಅದನ್ನು ಬದಿಗಿಡಲಾಯಿತು.

ಮ್ಯೂನಿಕ್‌ನಲ್ಲಿ ಲಿನಕ್ಸ್ ಸೋತಿತು ಎಂದು ಇದನ್ನು ಓದುವುದು ಸರಿಯಲ್ಲ. ಹತ್ತು ವರ್ಷದಲ್ಲಿ ಒಂದು ಮಹಾನಗರದ ಆಡಳಿತ ಬಹುಮಟ್ಟಿಗೆ ಅದರ ಮೇಲೆ ನಿಂತು ನಡೆಯಿತು. ಅಷ್ಟರಮಟ್ಟಿಗೆ ತಾಂತ್ರಿಕ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಸೋತದ್ದು ಆ ಆಯ್ಕೆಗೆ ಪ್ರತಿ ಚುನಾವಣೆಯ ನಂತರವೂ ಬೇಕಾಗಿದ್ದ ರಾಜಕೀಯ ಬೆಂಬಲ. 2020ರ ಚುನಾವಣೆಯ ಬಳಿಕ ಕೈಜೋಡಿಸಿದ ಗ್ರೀನ್ ಮತ್ತು ಎಸ್‌ಪಿಡಿ ಪಕ್ಷಗಳು, ತಾಂತ್ರಿಕವಾಗಿ ಮತ್ತು ಆರ್ಥಿಕವಾಗಿ ಸಾಧ್ಯವಿರುವಲ್ಲೆಲ್ಲ ಮುಕ್ತ ಮಾನಕ ಮತ್ತು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವುದಾಗಿ ತಮ್ಮ ಒಪ್ಪಂದದಲ್ಲಿ ಬರೆದುಕೊಂಡವು.

ಜರ್ಮನಿಯ ಉತ್ತರ ತುದಿಯ ಷ್ಲೆಸ್ವಿಗ್‌ಹೋಲ್‌ಸ್ಟೈನ್ ರಾಜ್ಯ 2024ರ ಏಪ್ರಿಲ್‌ನಲ್ಲಿ ತನ್ನ ಸುಮಾರು 30,000 ಕಂಪ್ಯೂಟರುಗಳಿಗೆ ಇಂಥದೇ ಬದಲಾವಣೆ ಪ್ರಕಟಿಸಿತು. ಅದು ಹಿಡಿದ ಕ್ರಮದಲ್ಲಿ ಮೊದಲಿಗೆ ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶ ಮತ್ತು ಕಡತಗಳ ಮುಕ್ತ ರೂಪ ಬರುತ್ತವೆ, ಅದರ ಜೊತೆಜೊತೆಗೆ ಇಮೇಲ್ ಮತ್ತು ಕ್ಯಾಲೆಂಡರ್. ವಿಂಡೋಸ್‌ನಿಂದ ಲಿನಕ್ಸ್‌ಗೆ ಹೋಗುವುದು ಇವೆಲ್ಲ ಆದ ಮೇಲೆ.